ಮನೆಯ ಗೋದಲಿಯ ಹಿಂದಿರುವ ಸಂತ: ಅಸ್ಸಿಸಿಯ ಫ್ರಾನ್ಸಿಸರು

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ದಕ್ಷಿಣ ಬೆಂಗಳೂರಿನ ನಮ್ಮವರ ಮನೆಗಳಲ್ಲಿ ಅಟ್ಟದ ಮೇಲಿನ ಒಂದು ಹಳೆಯ ಪೆಟ್ಟಿಗೆ ಕೆಳಗಿಳಿಯುತ್ತದೆ. ಕೆಲಸಕ್ಕಾಗಿ, ಮಕ್ಕಳ ಓದಿಗಾಗಿ ಕರಾವಳಿಯಿಂದ ಹೋಗಿ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಲ್ಲಿ ನೆಲೆಸಿದ ಕುಟುಂಬಗಳು ಬಹಳಷ್ಟಿವೆ. ಆ ಪೆಟ್ಟಿಗೆಯೊಳಗೆ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಟ್ಟ ಗೋದಲಿಯ ಗೊಂಬೆಗಳಿರುತ್ತವೆ. ಬಣ್ಣ ಮಾಸಿದ ಮರಿಯಮ್ಮ, ಕೋಲು ಕಳೆದುಕೊಂಡ ಕುರುಬ, ಒಂದು ಕಿವಿ ಮುರಿದ ಕತ್ತೆ. ಊರಿನ ಮನೆಯಲ್ಲಿ ಅಜ್ಜಿ ಇಡುತ್ತಿದ್ದ ಗೊಂಬೆಗಳು ಮೊಮ್ಮಗಳ ಜೊತೆ ರಾತ್ರಿ ಬಸ್ಸು ಹತ್ತಿ ಬೆಂಗಳೂರು ಸೇರಿರುತ್ತವೆ.

ಆಗಲೇ ಮನೆಯಲ್ಲಿ ಒಂದು ಸಣ್ಣ ಚರ್ಚೆ ಹುಟ್ಟುತ್ತದೆ. ಈ ವರ್ಷವಾದರೂ ಹೊಸದು ತರೋಣ ಎಂದು ಮಕ್ಕಳು, ಇದ್ದದ್ದೇ ಸಾಕು ಎಂದು ಅಮ್ಮ. ಈಗ ಅಂಗಡಿಗಳಲ್ಲಿ ಹಳೆಯದರಂತೆ ಕಾಣುವ ಹೊಸ ಸಾಮಾನುಗಳೂ ಸಿಗುತ್ತವೆ. ಬಣ್ಣ ಮಾಸಿದಂತೆ ಬಳಿದ ಗಂಟೆ, ಸವೆದಂತೆ ಮಾಡಿದ ಲಾಂದ್ರ, ಪ್ಲಾಸ್ಟಿಕ್ಕಿನ ಹುಲ್ಲು. ಹಬ್ಬದ ಮನೆಯನ್ನು ಸಾಂಪ್ರದಾಯಿಕವಾಗಿ ಅಲಂಕರಿಸಬೇಕೆಂಬ ಆಸೆ ಒಳ್ಳೆಯದೇ. ಆದರೆ ಆ ಸಂಪ್ರದಾಯ ಎಲ್ಲಿಂದ ಹೊರಟಿತು, ಯಾತಕ್ಕಾಗಿ ಹೊರಟಿತು ಎಂಬುದನ್ನು ತಿಳಿಯದೆ ಹೋದರೆ ಗೋದಲಿ ಕೇವಲ ಶೋಕೇಸಿನ ವಸ್ತುವಾಗಿ ಉಳಿಯುತ್ತದೆ. ಆದ್ದರಿಂದ, ಪ್ರಿಯ ಓದುಗರೇ, ಆಗಮನ ಕಾಲದ ಈ ದಿನಗಳಲ್ಲಿ ನಮ್ಮ ಮನೆಮನೆಗೆ ಗೋದಲಿಯನ್ನು ತಂದುಕೊಟ್ಟ ಸಂತರ ಬಾಳನ್ನು ಸ್ವಲ್ಪ ಬಿಡುವಿನಿಂದ ನೆನೆಯೋಣ.

ಬಟ್ಟೆ ವ್ಯಾಪಾರಿಯ ಮಗ

ಇಟಲಿಯ ಉಂಬ್ರಿಯ ಪ್ರಾಂತ್ಯದ ಬೆಟ್ಟದ ಮೇಲಿನ ಊರು ಅಸ್ಸಿಸಿ. ಅಲ್ಲಿ 1181 ಅಥವಾ 1182ರಲ್ಲಿ ಫ್ರಾನ್ಸಿಸರು ಹುಟ್ಟಿದರು. ತಂದೆ ಪಿಯೆತ್ರೊ ಬೆರ್ನಾರ್ದೊನೆ ಹೆಸರಾಂತ ಬಟ್ಟೆ ವ್ಯಾಪಾರಿ, ತಾಯಿ ಪೀಕಾ. ತಂದೆ ವ್ಯಾಪಾರಕ್ಕೆಂದು ಫ್ರಾನ್ಸ್ ದೇಶಕ್ಕೆ ಹೋಗಿದ್ದಾಗ ಮಗು ಹುಟ್ಟಿತು. ಜ್ಞಾನಸ್ನಾನದಲ್ಲಿ ಜೊವಾನ್ನಿ, ಅಂದರೆ ಯೋವಾನ್ನ ಎಂದು ಹೆಸರಿಟ್ಟರು. ಊರಿಗೆ ಮರಳಿದ ತಂದೆ ಮಗನನ್ನು ಫ್ರಾಂಚೆಸ್ಕೊ ಎಂದು ಕರೆದರು. ಆ ಹೆಸರೇ ಉಳಿಯಿತು.

ಅಂಗಡಿಯಲ್ಲಿ ರೇಷ್ಮೆ, ಉಣ್ಣೆಯ ಬೆಲೆಬಾಳುವ ಬಟ್ಟೆಗಳ ನಡುವೆ ಅವರು ಬೆಳೆದರು. ಕೈಯಲ್ಲಿ ಹಣ, ಸುತ್ತ ಗೆಳೆಯರು, ಹಾಡು, ಔತಣ. ಅಂದವಾಗಿ ಉಡುವುದು, ಉದಾರವಾಗಿ ಖರ್ಚು ಮಾಡುವುದು ಎರಡೂ ಅವರಿಗೆ ಇಷ್ಟ. ಬಟ್ಟೆಯ ನೇಯ್ಗೆಯನ್ನು ಮುಟ್ಟಿ ಬೆಲೆ ಹೇಳಬಲ್ಲ ಮನುಷ್ಯನಿಗೆ ಅಂದಚೆಂದ ಏನೆಂದು ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಮುಂದೆ ಅವರು ಬಡತನವನ್ನು ಆರಿಸಿಕೊಂಡದ್ದು ಸೌಂದರ್ಯದ ಬಗ್ಗೆ ಅಸಡ್ಡೆಯಿಂದಲ್ಲ ಎಂಬುದನ್ನು ನಾವು ನೆನಪಿಡಬೇಕು.

ಶೂರನಾಗಬೇಕೆಂಬ ಕನಸು ಕೂಡ ಅವರಿಗಿತ್ತು. 1202ರಲ್ಲಿ ಅಸ್ಸಿಸಿಗೂ ನೆರೆಯ ಪೆರುಜಾ ನಗರಕ್ಕೂ ನಡೆದ ಕಾಳಗದಲ್ಲಿ ಅಸ್ಸಿಸಿಯವರು ಸೋತರು. ಫ್ರಾನ್ಸಿಸರು ಸೆರೆಸಿಕ್ಕು ಸುಮಾರು ಒಂದು ವರ್ಷ ಪೆರುಜಾದ ಸೆರೆಮನೆಯಲ್ಲಿ ಕಳೆದರು. ಬಿಡುಗಡೆಯಾಗಿ ಬಂದ ಮೇಲೆ ದೀರ್ಘಕಾಲದ ಕಾಯಿಲೆ ಹಾಸಿಗೆ ಹಿಡಿಸಿತು. ಚೇತರಿಸಿಕೊಂಡು 1205ರಲ್ಲಿ ಮತ್ತೆ ಯುದ್ಧಕ್ಕೆಂದು ಹೊರಟವರು ಸ್ಪೊಲೇತೊ ಎಂಬಲ್ಲಿ ಕಂಡ ಕನಸಿನಿಂದ ಮನಸ್ಸು ಬದಲಿಸಿ ಹಿಂದಿರುಗಿದರು. ಹಳೆಯ ಗೆಳೆಯರ ಔತಣಗಳಲ್ಲಿ ಅವರಿಗೆ ರುಚಿ ಉಳಿಯಲಿಲ್ಲ.

ಬಿಷಪರ ಅಂಗಳದಲ್ಲಿ

ಕುಷ್ಠರೋಗಿಗಳನ್ನು ಕಂಡರೆ ಫ್ರಾನ್ಸಿಸರಿಗೆ ಮೊದಲಿನಿಂದಲೂ ಅಸಹ್ಯ. ಒಂದು ದಿನ ಕುದುರೆಯ ಮೇಲೆ ಹೋಗುತ್ತಿದ್ದಾಗ ದಾರಿಯಲ್ಲಿ ಒಬ್ಬ ಕುಷ್ಠರೋಗಿ ಎದುರಾದ. ಅವರು ಕುದುರೆಯಿಂದಿಳಿದು, ಅವನ ಕೈಗೆ ಹಣವಿತ್ತು, ಆ ಕೈಗೆ ಮುತ್ತಿಟ್ಟರು. ತಾವು ಸಾಯುವ ಮುನ್ನ ಬರೆಸಿದ ಉಯಿಲಿನಲ್ಲಿ, ತಮ್ಮ ಬದುಕಿನ ತಿರುವು ಕುಷ್ಠರೋಗಿಗಳ ನಡುವೆಯೇ ಆಯಿತೆಂದು ಅವರು ಸ್ಮರಿಸಿದ್ದಾರೆ. ಹಿಂದೆ ಕಹಿಯಾಗಿದ್ದದ್ದು ಅಲ್ಲಿ ಸಿಹಿಯಾಯಿತು.

ಅಸ್ಸಿಸಿಯ ಹೊರವಲಯದಲ್ಲಿ ಸಂತ ದಾಮಿಯಾನೊ ಎಂಬ ಶಿಥಿಲ ದೇವಾಲಯವಿತ್ತು. ಅಲ್ಲಿನ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾಗ, ಬೀಳುತ್ತಿರುವ ತನ್ನ ಮನೆಯನ್ನು ಸರಿಪಡಿಸೆಂದು ಪ್ರಭು ಕರೆದಂತೆ ಅವರಿಗೆ ಕೇಳಿಸಿತು. ಮಾತನ್ನು ಅಕ್ಷರಶಃ ತೆಗೆದುಕೊಂಡ ಅವರು ಅಂಗಡಿಯ ಬಟ್ಟೆಗಳನ್ನು ಫೊಲಿಞ್ಯೊ ಪೇಟೆಗೆ ಒಯ್ದು, ಕುದುರೆಯನ್ನೂ ಸೇರಿಸಿ ಮಾರಿ, ಹಣವನ್ನು ದೇವಾಲಯದ ಗುರುಗಳಿಗೆ ಕೊಡಲು ಬಂದರು. ಗುರುಗಳು ಅದನ್ನು ಸ್ವೀಕರಿಸಲಿಲ್ಲ. ತಂದೆಗೆ ಕೋಪ ಬಂತು; ವ್ಯಾಜ್ಯ ಬಿಷಪ್ ಗ್ವಿದೊ ಅವರ ಮುಂದೆ ಹೋಯಿತು.

1206ರಲ್ಲಿ, ಊರಿನವರೆಲ್ಲ ನೆರೆದಿದ್ದಾಗ, ಫ್ರಾನ್ಸಿಸರು ಹಣವನ್ನು ಮಾತ್ರವಲ್ಲ, ಮೈಮೇಲಿನ ಬಟ್ಟೆಗಳನ್ನೂ ಕಳಚಿ ತಂದೆಯ ಕಾಲಬಳಿ ಇಟ್ಟುಬಿಟ್ಟರು. ಇನ್ನು ಮುಂದೆ ತಮ್ಮ ತಂದೆ ಸ್ವರ್ಗದಲ್ಲಿರುವ ತಂದೆಯೊಬ್ಬರೇ ಎಂದು ಸಾರಿದರು. ಬಿಷಪರು ತಮ್ಮ ಮೇಲಂಗಿಯಿಂದ ಅವರ ಬೆತ್ತಲೆ ಮೈಯನ್ನು ಮುಚ್ಚಿದರು. ಬಟ್ಟೆ ವ್ಯಾಪಾರಿಯ ಮಗ ಬಟ್ಟೆಯೇ ಇಲ್ಲದೆ ಹೊಸ ಬದುಕಿಗೆ ಕಾಲಿಟ್ಟರು. ಮುಂದೆ ಬೆತ್ಲೆಹೇಮಿನ ಮಗುವಿನ ಬಡತನದ ಬಗ್ಗೆ ಅವರಿಗೆ ಅಷ್ಟೊಂದು ಮಮತೆ ಏಕೆ ಹುಟ್ಟಿತೆಂಬುದು ಈ ಘಟನೆಯಿಂದ ನಮಗೆ ಅರ್ಥವಾಗುತ್ತದೆ.

ಸಹೋದರರು ಮತ್ತು ಸುಲ್ತಾನ

ಕಲ್ಲು, ಗಾರೆಯನ್ನು ಬೇಡಿ ತಂದು ಅವರು ಸಂತ ದಾಮಿಯಾನೊ ದೇವಾಲಯವನ್ನೂ ಬಳಿಕ ಪೊರ್ಸಿಯುಂಕುಲ ಎಂಬ ಪುಟ್ಟ ಗುಡಿಯನ್ನೂ ದುರಸ್ತಿ ಮಾಡಿದರು. ಪ್ರಭು ತಮ್ಮ ಶಿಷ್ಯರನ್ನು ಚೀಲವಿಲ್ಲದೆ, ಹಣವಿಲ್ಲದೆ ಸಾರಲು ಕಳುಹಿಸಿದ ಶುಭಸಂದೇಶದ ಭಾಗವನ್ನು ಒಂದು ಪೂಜೆಯಲ್ಲಿ ಕೇಳಿ, ತಮ್ಮ ದಾರಿ ಅದೇ ಎಂದು ನಿಶ್ಚಯಿಸಿದರು. ಬೆರ್ನಾರ್ದೊ ಎಂಬ ಶ್ರೀಮಂತ ತನ್ನ ಆಸ್ತಿಯನ್ನೆಲ್ಲ ಬಡವರಿಗೆ ಹಂಚಿ ಮೊದಲ ಸಂಗಾತಿಯಾದ. ಸಂಗಾತಿಗಳು ಹೆಚ್ಚಿದಾಗ ಎಲ್ಲರೂ ರೋಮಿಗೆ ನಡೆದುಹೋದರು. 1209ರಲ್ಲಿ ಪೋಪ್ ಮೂರನೇ ಇನ್ನೊಸೆಂಟರು ಅವರ ಜೀವನಕ್ರಮಕ್ಕೆ ಬಾಯಿಮಾತಿನ ಒಪ್ಪಿಗೆ ಕೊಟ್ಟರು. 1212ರಲ್ಲಿ ಅಸ್ಸಿಸಿಯ ಕುಲೀನ ಮನೆತನದ ಕ್ಲಾರಾ ಕೂಡ ಇದೇ ಹಾದಿ ಹಿಡಿದರು.

1219ರಲ್ಲಿ, ಐದನೇ ಧರ್ಮಯುದ್ಧ ನಡೆಯುತ್ತಿದ್ದಾಗ, ಫ್ರಾನ್ಸಿಸರು ಈಜಿಪ್ಟಿನ ದಮಿಯೆಟ್ಟಾಕ್ಕೆ ಹೋಗಿ, ಆಯುಧವಿಲ್ಲದೆ ಶತ್ರುಪಾಳೆಯ ದಾಟಿ ಸುಲ್ತಾನ ಅಲ್ ಕಾಮಿಲನನ್ನು ಕಂಡರು. ಸುಲ್ತಾನ ಅವರ ಮಾತನ್ನು ಸೌಜನ್ಯದಿಂದ ಕೇಳಿ ಸುರಕ್ಷಿತವಾಗಿ ಕಳುಹಿಸಿಕೊಟ್ಟ. ಯುದ್ಧ ನಿಲ್ಲಲಿಲ್ಲ. ಆದರೆ ಶತ್ರುವೆಂದು ಕರೆಸಿಕೊಂಡವನ ಮನೆಬಾಗಿಲಿಗೂ ಬರಿಗೈಯಲ್ಲಿ ಹೋಗಬಹುದೆಂದು ಅವರು ತೋರಿಸಿಕೊಟ್ಟರು.

ಇಟಲಿಗೆ ಮರಳಿದಾಗ ಅವರ ಆರೋಗ್ಯ ಕೆಟ್ಟಿತ್ತು. ಕಣ್ಣಿನ ಬೇನೆ ಹತ್ತಿಕೊಂಡಿತ್ತು. ಸಹೋದರರ ಸಂಖ್ಯೆ ಸಾವಿರಗಟ್ಟಲೆ ಬೆಳೆದಿತ್ತು. ಬಡತನದ ನಿಯಮವನ್ನು ಸಡಿಲಿಸಬೇಕೆಂಬ ಒತ್ತಾಯವೂ ಒಳಗೆ ಎದ್ದಿತ್ತು. 1220ರಲ್ಲಿ ಅವರು ಸಂಸ್ಥೆಯ ಆಡಳಿತವನ್ನು ಬೇರೆಯವರಿಗೆ ಒಪ್ಪಿಸಿದರು. 1223ರ ನವೆಂಬರ್ 29ರಂದು ಪೋಪ್ ಮೂರನೇ ಹೊನೋರಿಯಸರು ಸಂಸ್ಥೆಯ ನಿಯಮಾವಳಿಗೆ ಲಿಖಿತ ಮುದ್ರೆ ಒತ್ತಿದರು. ದಣಿದ ದೇಹ, ಮಬ್ಬಾಗುತ್ತಿದ್ದ ಕಣ್ಣು, ಸಂಸ್ಥೆಯ ಬಗ್ಗೆ ಮನಸ್ಸಿನಲ್ಲಿ ನೋವು. ಈ ಸ್ಥಿತಿಯಲ್ಲೇ ಅವರು ಆ ವರ್ಷದ ಕ್ರಿಸ್ತಜಯಂತಿಗೆ ಸಿದ್ಧರಾದರು.

ಗ್ರೆಚ್ಚೊ ಬೆಟ್ಟದ ರಾತ್ರಿ

ರಿಯೇತಿ ಕಣಿವೆಯ ಒಂದು ಪುಟ್ಟ ಊರು ಗ್ರೆಚ್ಚೊ. ಅಲ್ಲಿನ ಬಂಡೆಗಳ ನಡುವೆ ಸಹೋದರರ ಆಶ್ರಮವಿತ್ತು. ಆ ಊರಿನ ಜೊವಾನ್ನಿ ಎಂಬ ಗಣ್ಯ ವ್ಯಕ್ತಿ ಫ್ರಾನ್ಸಿಸರಿಗೆ ಆಪ್ತ. ಹಬ್ಬಕ್ಕೆ ಸುಮಾರು ಹದಿನೈದು ದಿನ ಇರುವಾಗ ಫ್ರಾನ್ಸಿಸರು ಅವರನ್ನು ಕರೆಸಿ ಒಂದು ಕೆಲಸ ಒಪ್ಪಿಸಿದರು. ಬೆತ್ಲೆಹೇಮಿನಲ್ಲಿ ಹುಟ್ಟಿದ ಮಗುವಿಗೆ ಏನೇನು ಕೊರತೆಯಾಯಿತು, ಅದನ್ನು ಗೋದಲಿಯಲ್ಲಿ ಹೇಗೆ ಮಲಗಿಸಿದರು, ಎತ್ತು ಕತ್ತೆಗಳ ಪಕ್ಕ ಹುಲ್ಲಿನ ಮೇಲೆ ಅದು ಹೇಗೆ ಮಲಗಿತ್ತು ಎಂಬುದನ್ನು ತಾವು ಈ ಕಣ್ಣುಗಳಿಂದಲೇ ನೋಡಬೇಕೆಂದು ಅವರು ಬಯಸಿದ್ದರು. ಇಂಥ ಹೊಸ ಪದ್ಧತಿಯನ್ನು ಸ್ವಂತ ಬುದ್ಧಿಯಿಂದ ಮಾಡಿದರೆಂಬ ಆಕ್ಷೇಪ ಬಾರದಿರಲೆಂದು ಪೋಪರ ಅನುಮತಿ ಪಡೆದಿದ್ದರೆಂದು ಸಂತ ಬೊನವೆಂತೂರರು ಬರೆಯುತ್ತಾರೆ.

ಏನೇನು ತಂದರು ನೋಡಿ. ಊರಿನಲ್ಲೇ ಇದ್ದ ಒಂದು ಗೋದಲಿ, ಅಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಅದರ ತುಂಬ ಒಣಹುಲ್ಲು. ಒಂದು ಎತ್ತು, ಒಂದು ಕತ್ತೆ. ಇಷ್ಟೇ. ಸುತ್ತಮುತ್ತಲಿನ ಸಹೋದರರೂ ಊರಿನ ಗಂಡಸರು ಹೆಂಗಸರೂ ತಮ್ಮ ಕೈಲಾದಷ್ಟು ಮೇಣದ ಬತ್ತಿ, ಪಂಜುಗಳನ್ನು ಹಿಡಿದು ಕತ್ತಲಲ್ಲಿ ಬೆಟ್ಟ ಹತ್ತಿ ಬಂದರು. ಕಾಡು ಹಾಡಿನಿಂದ ತುಂಬಿತು. ಅಂದಿನ ದೀಪಾಲಂಕಾರವೆಂದರೆ ಜನರ ಕೈಯಲ್ಲಿದ್ದ ಬೆಳಕೇ.

ಗೋದಲಿಯ ಬಳಿ ಗುರುಗಳೊಬ್ಬರು ದಿವ್ಯ ಬಲಿಪೂಜೆ ಅರ್ಪಿಸಿದರು. ಫ್ರಾನ್ಸಿಸರು ಗುರುಗಳಲ್ಲ, ಡೀಕನ್. ಅದರಂತೆ ಉಡುಪು ಧರಿಸಿ ಶುಭಸಂದೇಶವನ್ನು ಹಾಡಿ, ಬಳಿಕ ಪ್ರಬೋಧನೆ ನೀಡಿದರು. ಬೆತ್ಲೆಹೇಮ್ ಎಂಬ ಊರಿನ ಹೆಸರನ್ನು ಕುರಿಮರಿ ಅರಚಿದಂತೆ ಎಳೆದು ಉಚ್ಚರಿಸುತ್ತಿದ್ದರಂತೆ. ಯೇಸುವಿನ ಹೆಸರು ಬಂದಾಗ ಆ ಹೆಸರಿನ ಸಿಹಿಯನ್ನು ಸವಿಯುವಂತೆ ತುಟಿಯನ್ನು ಸವರಿಕೊಳ್ಳುತ್ತಿದ್ದರಂತೆ. ಅವರು ತೀರಿಕೊಂಡ ಎರಡು ಮೂರು ವರ್ಷಗಳಲ್ಲೇ ಅವರ ಚರಿತ್ರೆ ಬರೆದ ಚೆಲಾನೊದ ಸಹೋದರ ತೊಮಾಸೊ ಇದನ್ನೆಲ್ಲ ದಾಖಲಿಸಿದ್ದಾರೆ.

ಇಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯಿದೆ. ತೊಮಾಸೊ ಅವರ ಬರಹದಲ್ಲಿ ಗೊಂಬೆಗಳ ಪ್ರಸ್ತಾಪವೇ ಇಲ್ಲ. ಮರಿಯಮ್ಮನ ಪ್ರತಿಮೆ ಇಲ್ಲ, ಜೋಸೆಫರ ಪ್ರತಿಮೆ ಇಲ್ಲ, ಬಾಲಯೇಸುವಿನ ಪ್ರತಿಮೆಯೂ ಇಲ್ಲ. ಗೋದಲಿ ಖಾಲಿಯಾಗಿತ್ತು. ಅಲ್ಲಿದ್ದ ಒಬ್ಬ ಸಜ್ಜನನಿಗೆ ಮಾತ್ರ, ಆ ಹುಲ್ಲಿನ ಮೇಲೆ ಒಂದು ಮಗು ಜೀವವಿಲ್ಲದಂತೆ ಮಲಗಿದ್ದು, ಫ್ರಾನ್ಸಿಸರು ಹತ್ತಿರ ಹೋದಾಗ ನಿದ್ದೆಯಿಂದ ಎಚ್ಚೆತ್ತಂತೆ ದರ್ಶನವಾಯಿತು. ತೊಮಾಸೊ ಇದಕ್ಕೆ ಅರ್ಥವನ್ನೂ ಹೇಳುತ್ತಾರೆ: ಅನೇಕರ ಹೃದಯಗಳಲ್ಲಿ ಮರೆತುಹೋಗಿದ್ದ ಬಾಲಯೇಸುವನ್ನು ಫ್ರಾನ್ಸಿಸರು ಮತ್ತೆ ಎಬ್ಬಿಸಿದರು. ಖಾಲಿ ಗೋದಲಿಗೆ ಪ್ರಭು ಬಂದದ್ದು ಬಲಿಪೂಜೆಯ ಪರಮಪ್ರಸಾದದಲ್ಲಿ. ಆಮೇಲೆ ಊರಿನವರು ಆ ಹುಲ್ಲನ್ನು ಜೋಪಾನವಾಗಿ ಇಟ್ಟುಕೊಂಡು ಕಾಯಿಲೆಯ ದನಗಳಿಗೆ ತಿನ್ನಿಸಿದರೆಂದೂ ಅವು ಗುಣವಾದವೆಂದೂ ಹೇಳಲಾಗಿದೆ.

ಕ್ರಿಸ್ತಜನನದ ಚಿತ್ರಗಳು, ದೇವಾಲಯದೊಳಗಿನ ರೂಪಕಗಳು ಅದಕ್ಕೆ ಮುಂಚೆಯೂ ಇದ್ದವು. ಲೂಕನ ಶುಭಸಂದೇಶದಲ್ಲಿ ಎತ್ತು ಕತ್ತೆಗಳ ಮಾತೇ ಇಲ್ಲ. ಎತ್ತು ತನ್ನ ಒಡೆಯನನ್ನು, ಕತ್ತೆ ತನ್ನ ಯಜಮಾನನ ಗೋದಲಿಯನ್ನು ಬಲ್ಲದೆಂಬ ಯೆಶಾಯ ಪ್ರವಾದಿಯ ನುಡಿಯಿಂದ ಅವು ಭಕ್ತರ ಕಲ್ಪನೆಗೆ ಬಂದವು. ಫ್ರಾನ್ಸಿಸರು ಮಾಡಿದ ಹೊಸತು ಬೇರೆ. ರೈತರು ದಿನವೂ ಮುಟ್ಟುವ ಹುಲ್ಲಿನಲ್ಲಿ, ದಿನವೂ ಮೇವು ಹಾಕುವ ದನದಲ್ಲಿ ಅವರು ಬೆತ್ಲೆಹೇಮನ್ನು ಕಾಣಿಸಿದರು. ಗ್ರೆಚ್ಚೊದವರು ಬೆತ್ಲೆಹೇಮಿಗೆ ಹೋಗಬೇಕಾಗಲಿಲ್ಲ. ಗ್ರೆಚ್ಚೊ ತಾನೇ ಹೊಸ ಬೆತ್ಲೆಹೇಮ್ ಆಯಿತು.

ಬಿಳಿಯ ಮೇಜುಬಟ್ಟೆಯ ಪ್ರಸಂಗ

ಅದೇ ಗ್ರೆಚ್ಚೊದಲ್ಲಿ ನಡೆದ ಇನ್ನೊಂದು ಹಬ್ಬದ ಕಥೆ ಮನೆಯ ಅಲಂಕಾರದ ಬಗ್ಗೆ ಯೋಚಿಸುವವರಿಗೆ ತುಂಬ ಉಪಯುಕ್ತ. ಒಂದು ಹಳೆಯ ಬರಹ ಅದು ಕ್ರಿಸ್ತಜಯಂತಿಯಂದು ನಡೆಯಿತೆನ್ನುತ್ತದೆ, ತೊಮಾಸೊ ಅವರು ಪಾಸ್ಖ ಹಬ್ಬದಂದು ಎನ್ನುತ್ತಾರೆ. ಹಬ್ಬದ ಊಟಕ್ಕೆಂದು ಸಹೋದರರು ಮೇಜನ್ನು ಎತ್ತರಿಸಿ, ಬಿಳಿಯ ಬಟ್ಟೆ ಹಾಸಿ, ಗಾಜಿನ ಪಾತ್ರೆಗಳನ್ನು ಜೋಡಿಸಿದ್ದರು. ಫ್ರಾನ್ಸಿಸರು ಅದನ್ನು ನೋಡಿದರು, ಏನೂ ಹೇಳಲಿಲ್ಲ. ಸದ್ದಿಲ್ಲದೆ ಹೊರಗೆ ಹೋಗಿ, ಆ ದಿನ ಬಂದಿದ್ದ ಒಬ್ಬ ಬಡ ಮನುಷ್ಯನ ಟೋಪಿ ಹಾಕಿಕೊಂಡು, ಕೋಲು ಹಿಡಿದು ಬಾಗಿಲಲ್ಲಿ ನಿಂತು, ದೇವರ ಪ್ರೀತಿಗಾಗಿ ಈ ಬಡ ಯಾತ್ರಿಕನಿಗೆ ಏನಾದರೂ ಕೊಡಿರೆಂದು ಬೇಡಿದರು. ಒಳಗೆ ಕರೆದಾಗ ಮೇಜಿನ ಬಳಿ ಕೂರದೆ, ಒಲೆಯ ಪಕ್ಕದ ನೆಲದಲ್ಲಿ ಕುಳಿತು, ಬಟ್ಟಲನ್ನು ನೆಲದ ಮೇಲಿಟ್ಟುಕೊಂಡು ಉಂಡರು. ಈಗ ತಾವು ಸಹೋದರನಂತೆ ಕುಳಿತಿದ್ದೇನೆ ಎಂದು ಅವರು ಹೇಳಿದಾಗ ಕೆಲವರಿಗೆ ಕಣ್ಣೀರು ಬಂತು.

ಇದನ್ನು ಓದಿ ಫ್ರಾನ್ಸಿಸರು ಹಬ್ಬದ ಸಂತೋಷಕ್ಕೆ ವಿರೋಧಿಯಾಗಿದ್ದರೆಂದು ತಿಳಿಯಬಾರದು. ಕ್ರಿಸ್ತಜಯಂತಿ ಅವರಿಗೆ ಹಬ್ಬಗಳಲ್ಲೆಲ್ಲ ದೊಡ್ಡ ಹಬ್ಬ. ಒಮ್ಮೆ ಆ ಹಬ್ಬ ಶುಕ್ರವಾರ ಬಂದಾಗ ಮಾಂಸ ತಿನ್ನಬಾರದೆಂಬ ಮಾತು ಎದ್ದಿತು. ಅಂಥ ದಿನ ಗೋಡೆಗಳು ಕೂಡ ಮಾಂಸ ತಿನ್ನಲಿ, ತಿನ್ನಲಾಗದಿದ್ದರೆ ಅವಕ್ಕೆ ಹೊರಗಿನಿಂದ ಸವರಿಯಾದರೂ ಬಿಡಲಿ ಎಂಬುದು ಅವರ ಉತ್ತರವಾಗಿತ್ತು. ಆ ದಿನ ಉಳ್ಳವರು ಬಡವರಿಗೆ ಹೊಟ್ಟೆ ತುಂಬ ಬಡಿಸಬೇಕು, ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಮೇವು ಹಾಕಬೇಕು ಎಂದು ಅವರು ಬಯಸುತ್ತಿದ್ದರು. ಚಕ್ರವರ್ತಿಯೊಡನೆ ಮಾತಾಡುವ ಅವಕಾಶ ಸಿಕ್ಕಿದರೆ, ಹಬ್ಬದ ದಿನ ದಾರಿಗಳಲ್ಲಿ ಕಾಳು ಚೆಲ್ಲಿ ಹಕ್ಕಿಗಳಿಗೂ, ಅದರಲ್ಲೂ ಬಾನಿಗೇರುತ್ತ ಹಾಡುವ ಲಾರ್ಕ್ ಹಕ್ಕಿಗೂ, ಔತಣ ಮಾಡಿಸಬೇಕೆಂದು ಕೇಳಿಕೊಳ್ಳುವ ಆಸೆಯಿತ್ತು. ಮಣ್ಣಿನ ಬಣ್ಣದ ಗರಿ, ತಲೆಯ ಮೇಲೊಂದು ಜುಟ್ಟು. ಆ ಪುಟ್ಟ ಹಕ್ಕಿ ತಮ್ಮ ಸಹೋದರರಂತೆಯೇ ಕಾಣುತ್ತದೆಂದು ಅವರಿಗೆ ಅಕ್ಕರೆ.

ಹೀಗೆ ಅವರಿಗೆ ಬೇಸರ ತಂದದ್ದು ಬಿಳಿಯ ಬಟ್ಟೆಯಲ್ಲ. ಬಾಗಿಲಿಗೆ ಬಂದವನು ಒಳಗೆ ಬರಲು ಹಿಂಜರಿಯುವಂತೆ ಮಾಡುವ ಅಲಂಕಾರ ಅವರಿಗೆ ಬೇಸರ ತಂದಿತು.

ಕೊನೆಯ ವರ್ಷಗಳು

ಗ್ರೆಚ್ಚೊದ ಮರುವರ್ಷ, 1224ರ ಸೆಪ್ಟೆಂಬರಿನಲ್ಲಿ, ಲಾ ವೆರ್ನಾ ಬೆಟ್ಟದಲ್ಲಿ ಪ್ರಾರ್ಥಿಸುತ್ತಿದ್ದಾಗ ಪ್ರಭುವಿನ ಐದು ಗಾಯಗಳ ಗುರುತು ಅವರ ದೇಹದಲ್ಲಿ ಮೂಡಿತು. ಗೋದಲಿಯನ್ನು ಕಣ್ಣಾರೆ ಕಾಣಬಯಸಿದವರು ಶಿಲುಬೆಯನ್ನು ಮೈಯಾರೆ ಹೊತ್ತರು. 1225ರಲ್ಲಿ, ಕಣ್ಣಿನ ಬೇನೆಯಿಂದ ಬೆಳಕನ್ನೇ ನೋಡಲಾಗದ ದಿನಗಳಲ್ಲಿ, ಸೂರ್ಯನನ್ನು ಅಣ್ಣನೆಂದೂ ಚಂದ್ರನನ್ನು ಅಕ್ಕನೆಂದೂ ಕರೆದು ದೇವರನ್ನು ಕೊಂಡಾಡುವ ಗೀತೆಯನ್ನು ತಮ್ಮ ಊರಿನ ಆಡುಮಾತಿನಲ್ಲಿ ರಚಿಸಿದರು.

1226ರ ಅಕ್ಟೋಬರ್ 3ರ ಸಂಜೆ, ತಾವು ದುರಸ್ತಿ ಮಾಡಿದ್ದ ಪೊರ್ಸಿಯುಂಕುಲದ ಬಳಿ, ತಮ್ಮನ್ನು ಬರಿಯ ನೆಲದ ಮೇಲೆ ಮಲಗಿಸುವಂತೆ ಕೇಳಿಕೊಂಡು ಅವರು ಕೊನೆಯುಸಿರೆಳೆದರು. ಆ ಸಂಜೆ ಕತ್ತಲಾಗುತ್ತಿದ್ದರೂ ಲಾರ್ಕ್ ಹಕ್ಕಿಗಳ ಹಿಂಡು ಛಾವಣಿಯ ಮೇಲೆ ಸುತ್ತುತ್ತ ಹಾಡಿದವೆಂದು ಹಳೆಯ ಚರಿತ್ರೆಗಳು ಹೇಳುತ್ತವೆ. 1228ರ ಜುಲೈ 16ರಂದು ಪೋಪ್ ಒಂಬತ್ತನೇ ಗ್ರೆಗರಿಯವರು ಅವರನ್ನು ಸಂತರೆಂದು ಘೋಷಿಸಿದರು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲರು ಅವರನ್ನು ಪರಿಸರ ಕಾಳಜಿಯ ಪಾಲಕ ಸಂತರೆಂದು ಸಾರಿದರು. 2026ರ ಅಕ್ಟೋಬರ್ 3 ಅವರ ಮರಣದ 800ನೇ ವರ್ಷದ ದಿನ.

ಗ್ರೆಚ್ಚೊದಿಂದ ನಮ್ಮ ಊರಿಗೆ

ಫ್ರಾನ್ಸಿಸರ ಸಹೋದರರು ಹೋದಲ್ಲೆಲ್ಲ ಗೋದಲಿಯ ಭಕ್ತಿಯೂ ಹೋಯಿತು. ಫ್ರಾನ್ಸಿಸ್ಕನ್ ಸಂಸ್ಥೆಯಿಂದ ಮೊದಲು ಪೋಪರಾದ ನಾಲ್ಕನೇ ನಿಕೊಲಾಸರ ಕಾಲದಲ್ಲಿ, 1290ರ ಸುಮಾರಿಗೆ, ಶಿಲ್ಪಿ ಆರ್ನೊಲ್ಫೊ ದಿ ಕಾಂಬಿಯೊ ಕೆತ್ತಿದ ಕಲ್ಲಿನ ಗೋದಲಿ ಪ್ರತಿಮೆಗಳು ರೋಮಿನ ಸಂತ ಮರಿಯಾ ಮಜ್ಜೊರೆ ಮಹಾದೇವಾಲಯದಲ್ಲಿ ಈಗಲೂ ಇವೆ. 18ನೇ ಶತಮಾನದಲ್ಲಿ ನೇಪಲ್ಸ್ ನಗರದವರು ಗೋದಲಿಯ ಸುತ್ತ ತಮ್ಮ ಬೀದಿಯನ್ನೇ ಕೂರಿಸಿದರು: ಮೀನು ಮಾರುವವಳು, ರೊಟ್ಟಿ ಸುಡುವವನು, ಬೇಡುವವನು. 2019ರ ಡಿಸೆಂಬರ್ 1ರಂದು, ಅದೇ ಸಂತರ ಹೆಸರು ಹೊತ್ತ ಪೋಪ್ ಫ್ರಾನ್ಸಿಸರು ಗ್ರೆಚ್ಚೊಗೆ ಹೋಗಿ, ಮನೆಗಳಲ್ಲೂ ಕೆಲಸದ ಜಾಗಗಳಲ್ಲೂ ಗೋದಲಿ ಇಡುವ ವಾಡಿಕೆಯನ್ನು ಬಿಡಬಾರದೆಂದು ಪತ್ರವೊಂದಕ್ಕೆ ಸಹಿ ಹಾಕಿದರು. 2025ರಲ್ಲಿ ತೀರಿಕೊಂಡ ಅವರ ಸಮಾಧಿ ಸಂತ ಮರಿಯಾ ಮಜ್ಜೊರೆಯಲ್ಲೇ ಇದೆ.

ನಮ್ಮ ಕರಾವಳಿಗೆ ಫ್ರಾನ್ಸಿಸ್ಕನ್ ಸಹೋದರರು 16ನೇ ಶತಮಾನದಲ್ಲೇ ಬಂದರು. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ ಸಂತ ಫ್ರಾನ್ಸಿಸರ ಹೆಸರಿನ ಮೊಂತೆ ಮರಿಯಾನೊ ಇಂದು ಕಪುಚಿನ್ ಸಹೋದರರ ಆಶ್ರಮ. ಬೆಂಗಳೂರಿನಲ್ಲಿ ಬಿಟಿಎಂ ಲೇಔಟಿಗೆ ಹತ್ತಿರದ ಹೊಸೂರು ರಸ್ತೆಯ ಸಂತ ಅಂತೋಣಿಯವರ ಆಶ್ರಮ ದೇವಾಲಯವನ್ನು ನಡೆಸುವವರೂ ಫ್ರಾನ್ಸಿಸ್ಕನ್ನರೇ. ಊರಿಗೂ ಬೆಂಗಳೂರಿಗೂ ನಡುವೆ ಓಡಾಡುವ ನಮ್ಮವರಿಗೆ ಎರಡು ತುದಿಯಲ್ಲೂ ಈ ಸಂತರ ಮನೆಯಿದೆ.

ದಕ್ಷಿಣ ಬೆಂಗಳೂರು ಕೂಡ ಹುಲ್ಲು, ಕೊಟ್ಟಿಗೆ ಅರಿಯದ ಸೀಮೆಯೇನಲ್ಲ. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರು. ಬನಶಂಕರಿ, ಬಸವನಗುಡಿಯ ಎಷ್ಟೋ ಹಿಂದೂ ಮನೆಗಳಲ್ಲಿ ದಸರೆಗೆ ಅಜ್ಜಿಯ ಕಾಲದ ಪಟ್ಟದ ಗೊಂಬೆಗಳನ್ನು ಹಂತಹಂತವಾಗಿ ಕೂರಿಸಿ, ನೆರೆಮನೆಯ ಮಕ್ಕಳನ್ನು ಕರೆದು ತಿಂಡಿ ಕೊಡುತ್ತಾರೆ. ಹಳೆಯ ಗೊಂಬೆಯನ್ನು ಎಸೆಯಬಾರದು, ನೋಡಲು ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದು ಎಂಬ ಎರಡು ಪಾಠಗಳನ್ನು ನಾವು ಆ ನೆರೆಯವರಿಂದಲೂ ಕಲಿಯಬಹುದು.

ಈ ವರ್ಷ ನಮ್ಮ ಮನೆಯಲ್ಲಿ

ಗುರುಮಠದಲ್ಲಿದ್ದಾಗ ಒಂದು ವರ್ಷ ಗೋದಲಿಯ ಜವಾಬ್ದಾರಿ ನನ್ನ ಪಾಲಿಗೆ ಬಂದಿತ್ತು. ಥರ್ಮಾಕೋಲಿನ ಹಿಮ, ತಿರುಗುವ ದೀಪ, ನೀರು ಬೀಳುವ ಯಂತ್ರ ಎಲ್ಲವನ್ನೂ ಮಾಡಿದೆವು, ನೋಡಿದವರು ಹೊಗಳಿದರು. ಹಬ್ಬದ ಮರುದಿನ ಗಾಳಿಗೆ ಚೆದುರಿದ ಥರ್ಮಾಕೋಲಿನ ಪುಡಿಯನ್ನು ಹುಲ್ಲುಹಾಸಿನಿಂದ ಹೆಕ್ಕಿದವರು ನಮ್ಮ ತೋಟದ ಕೆಲಸದವರು. ಬೆನ್ನು ಬಾಗಿಸಿ ಮಧ್ಯಾಹ್ನದವರೆಗೂ ಹೆಕ್ಕುತ್ತಿದ್ದರು. ಗೋದಲಿಯ ಮುಂದೆ ನಿಂತು ನೋಡಲು ಅವರನ್ನು ಯಾರೂ ಕರೆದಿರಲಿಲ್ಲ. ನಾನೂ ಕರೆದಿರಲಿಲ್ಲ. ಫ್ರಾನ್ಸಿಸರ ಚರಿತ್ರೆಯನ್ನು ಓದುವಾಗಲೆಲ್ಲ ಆ ದಿನ ನೆನಪಾಗುತ್ತದೆ.

ಆದ್ದರಿಂದ ಪೆಟ್ಟಿಗೆಯಿಂದ ಇಳಿದ ಹಳೆಯ ಗೊಂಬೆಗಳೇ ಈ ಸಲವೂ ಕೂರಲಿ. ಕತ್ತೆಯ ಕಿವಿ ಮುರಿದಿದ್ದರೆ ಮುರಿದೇ ಇರಲಿ. ಮುರಿದದ್ದು ಹೇಗೆಂಬ ಕಥೆಯನ್ನು ಮಕ್ಕಳಿಗೆ ಹೇಳಿ. ಹಬ್ಬಕ್ಕೆ ಎಂಟು ಹತ್ತು ದಿನ ಇರುವಾಗ ಒಂದು ಅಗಲವಾದ ತಟ್ಟೆಯಲ್ಲಿ ಮಣ್ಣು ಹಾಕಿ ಊರಿನ ಭತ್ತವನ್ನೋ ಬೆಂಗಳೂರಿನ ರಾಗಿಯನ್ನೋ ಬಿತ್ತಿ, ದಿನವೂ ನೀರು ಚಿಮುಕಿಸಿದರೆ 24ರ ಹೊತ್ತಿಗೆ ಗೋದಲಿಯ ಮುಂದೆ ನಿಜವಾದ ಹಸಿರು ಗದ್ದೆ ನಿಂತಿರುತ್ತದೆ. ಪ್ಲಾಸ್ಟಿಕ್ ಹುಲ್ಲಿನ ಬದಲು ಊರಿನಿಂದ ಬರುವವರು ಒಂದು ಹಿಡಿ ಬೈಹುಲ್ಲು ತರಲಿ. ಬಿದಿರಿನ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟಿನಿಂದ ನಕ್ಷತ್ರ ಕಟ್ಟುವುದನ್ನು ಅಜ್ಜ ಮೊಮ್ಮಕ್ಕಳಿಗೆ ಕಲಿಸಲಿ. ಮಾಸಿದ ಸೀರೆಯೊಂದು ಗುಡ್ಡವಾಗಲಿ. ಗೋದಲಿಯನ್ನು 24ರ ರಾತ್ರಿಯವರೆಗೂ ಖಾಲಿ ಇಡಿ. ಆ ಖಾಲಿ ಜಾಗವನ್ನು ನೋಡುತ್ತ ಪ್ರತಿ ಸಂಜೆ ಮನೆಯವರೆಲ್ಲ ಪ್ರಾರ್ಥಿಸಲಿ. ಪೂಜೆಯಿಂದ ಬಂದ ಮೇಲೆ ಮನೆಯ ಅತಿ ಕಿರಿಯ ಮಗು ಬಾಲಯೇಸುವನ್ನು ಮಲಗಿಸಲಿ. ಮೂವರು ಜ್ಞಾನಿಗಳು ದೂರದ ಕಿಟಕಿಯಿಂದ ಹೊರಟು ದಿನಕ್ಕೊಂದು ಹೆಜ್ಜೆ ನಡೆದು ಪ್ರಭು ಪ್ರಕಾಶನ ಹಬ್ಬಕ್ಕೆ ತಲುಪಲಿ.

ಇಷ್ಟು ಮಾಡಿದರೂ ಫ್ರಾನ್ಸಿಸರ ಗೋದಲಿ ಅರ್ಧ ಮಾತ್ರ ಆದಂತೆ. ಉಳಿದರ್ಧ ಬಾಗಿಲ ಬಳಿ ಇದೆ. ಜೆ.ಪಿ. ನಗರದ ಹೊಸ ಅಪಾರ್ಟ್‌ಮೆಂಟ್ ಏಳುವ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿ ಎಳೆಮಕ್ಕಳೊಂದಿಗೆ ಬದುಕುವ ಕಟ್ಟಡ ಕಾರ್ಮಿಕರಿದ್ದಾರೆ. ನಮ್ಮ ಮನೆಯ ಪಾತ್ರೆ ತೊಳೆಯುವ ಅಕ್ಕ, ಗೇಟಿನ ಬಳಿ ರಾತ್ರಿಯೆಲ್ಲ ಚಳಿಯಲ್ಲಿ ಕೂರುವ ಕಾವಲುಗಾರ ಅಣ್ಣ ಇದ್ದಾರೆ. ಅವರಿಗೆ ಕುಸ್ವಾರಿನ ತಟ್ಟೆಯನ್ನು ಗೇಟಿನಲ್ಲೇ ಕೊಟ್ಟು ಕಳುಹಿಸುವುದು ನಮಗೆ ರೂಢಿ. ಈ ಸಲ ಅವರನ್ನು ಮಕ್ಕಳ ಸಮೇತ ಒಳಗೆ ಕರೆದು, ಗೋದಲಿಯ ಮುಂದೆ ಕೂರಿಸಿ, ಜೊತೆಗೆ ಕುಳಿತು ತಿನ್ನೋಣ. ಬಾಲ್ಕನಿಯಲ್ಲಿ ಹಕ್ಕಿಗಳಿಗೆ ಒಂದು ಹಿಡಿ ಕಾಳು, ಬೀದಿಯ ಹಸುವಿಗೆ ಒಂದಿಷ್ಟು ಹುಲ್ಲು ಇಡಲು ಮಕ್ಕಳಿಗೆ ಹೇಳೋಣ. 800 ವರ್ಷಗಳ ಹಿಂದೆ ಒಬ್ಬ ಬಡ ಸಂತರು ಚಕ್ರವರ್ತಿಯಿಂದ ಬಯಸಿದ್ದನ್ನು ನಮ್ಮ ಮನೆಯ ಮಗು ಮಾಡಿ ಮುಗಿಸಬಹುದು.

ಗ್ರೆಚ್ಚೊದ ಗೋದಲಿಯಲ್ಲಿ ಗೊಂಬೆಗಳಿರಲಿಲ್ಲ, ಜನರಿದ್ದರು. ನಮ್ಮ ಗೋದಲಿಯಲ್ಲಿ ಗೊಂಬೆಗಳಿವೆ, ಜನರೂ ಇರಲಿ.

ಸಂತ ಫ್ರಾನ್ಸಿಸರ ಪ್ರಾರ್ಥನೆಯ ಬೆಂಬಲ ನಮ್ಮೆಲ್ಲರ ಕುಟುಂಬಗಳಿಗಿರಲಿ. ಊರಿನಲ್ಲಿರುವವರಿಗೂ ಬೆಂಗಳೂರಿನಲ್ಲಿರುವವರಿಗೂ ಕ್ರಿಸ್ತಜಯಂತಿಯ ಹಾರ್ದಿಕ ಶುಭಾಶಯಗಳು.